ಕೆಂಪು ಚುಕ್ಕಿ ಇದ್ದ ರೇಡಿಯೋ

ಪಂಚಮಿಗೆ ಊರಿಗೆ ಹೋಗಿದ್ದೆ. ಸನ್ನತಿ ನಮ್ಮೂರು. ಉಂಡಿ ತಿಂದು ಮಲಗಿದ್ದವನನ್ನ ಅಪ್ಪ ಎಬ್ಬಿಸಿ ಕಾಳಿನ ಕೋಣೆಗೆ ಕರ್ಕೊಂಡು ಹೋದ್ರು. ಜೋಳದ ಚೀಲಗಳ ಹಿಂದೆ, ಹರಿದ ಕೌದಿ ಹೊದ್ಕೊಂಡು ಮುತ್ಯಾನ ರೇಡಿಯೋ ಕೂತಿತ್ತು.

ಒಂದು ಕಾಲಕ್ಕೆ ಪಡಸಾಲೆಯಲ್ಲಿ, ಗೋಡೆ ಗೂಡಿನಲ್ಲಿ ಇದ್ದದ್ದು ಅದು. ಮರದ ಪೆಟ್ಟಿಗೆ, ಮುಂದೆ ಬಟ್ಟೆ, ಕೆಳಗೆ ಗಾಜಿನ ಡಯಲ್, ನಾಲ್ಕು ಗುಂಡಿ. ಅದರಲ್ಲಿ ಒಂದು ಗುಂಡಿ ಇಲ್ಲ. ಕಂಪನಿ ಹೆಸರಿನ ಪಟ್ಟಿ ಯಾವತ್ತೋ ಬಿದ್ದುಹೋಗಿ ಎರಡು ಮೊಳೆ ತೂತು ಮಾತ್ರ ಉಳಿದಿವೆ. ನಾನು ಹುಟ್ಟೋ ಮೊದಲೇ ಅದು ಬಾಯಿ ಮುಚ್ಚಿತ್ತು.

“ಇದಕ್ಕೊಂದು ಬ್ಲೂಟೂತ್ ಕಿಟ್ ಹಾಕಿಸಿ ಬಿಡೋಣು” ಅಂದ್ರು ಅಪ್ಪ. “ಒಳಗಿಂದು ಎಲ್ಲಾ ತೆಗೆದ ಒಗೆದು, ಮುಂದ ಒಂದ್ ತೂತ್ ಹಾಕಿದ್ರ ಆತು. ಪೆನ್‌ಡ್ರೈವೂ ನಡೀತದ. ಸುಮ್ನ ಇಟ್ರ ಇಲಿ ಗೂಡ್ ಕಟ್ತಾವ.”

ಆ ಕಿಟ್ ನೀವೂ ನೋಡಿರ್ತೀರಿ. ಆಯತಾಕಾರದ ಕಪ್ಪು ಪಟ್ಟಿ, ಅದರಲ್ಲಿ ನೀಲಿ ಅಂಕಿ ಮಿನುಗುತ್ತೆ, ಪಕ್ಕದಲ್ಲಿ ಯುಎಸ್‌ಬಿ ಜಾಗ. ಅದನ್ನ ಕೂಡ್ರಿಸಬೇಕಂದ್ರೆ ಹಳೆ ರೇಡಿಯೋದ ಮುಖಕ್ಕೆ ಅದೇ ಅಳತೆಯ ತೂತು ಕೊರೀಬೇಕು.

ಅಪ್ಪನ ಮಾತಲ್ಲಿ ತಪ್ಪಿರಲಿಲ್ಲ. ಕೆಲಸಕ್ಕೆ ಬಾರದ ವಸ್ತು ಮನೆಯಲ್ಲಿ ಎಷ್ಟು ದಿನ ಜಾಗ ಹಿಡೀಬೇಕು? ಆದ್ರೂ ನನಗೆ ತಕ್ಷಣ ನೆನಪಾಗಿದ್ದು ನಮ್ಮೂರಿನ ಕಲ್ಲು.

1986ರಲ್ಲಿ ಇಲ್ಲಿನ ಚಂದ್ರಲಾಂಬಾ ದೇವಸ್ಥಾನದ ಆವರಣದಲ್ಲಿದ್ದ ಕಾಳಿ ಗುಡಿಯ ಛಾವಣಿ ಕುಸೀತು. ಆಗ ಮೂರ್ತಿಯ ಪೀಠವಾಗಿದ್ದ ಕಲ್ಲು ಹೊರಗೆ ಬಂತು. ನೋಡಿದ್ರೆ ಅದರ ಎರಡೂ ಬದಿಗೆ ಬ್ರಾಹ್ಮಿ ಅಕ್ಷರ, ಅಶೋಕನ ಶಾಸನ! ಆದ್ರೆ ಕಲ್ಲಿನ ನಡುವೆ ದೊಡ್ಡದೊಂದು ಆಯತಾಕಾರದ ತೂತು. ಎಷ್ಟೋ ಶತಮಾನದ ಹಿಂದೆ ಯಾರೋ ಮೂರ್ತಿ ನಿಲ್ಲಿಸೋಕೆ ಕೊರೆದದ್ದು. ತೂತು ಬಿದ್ದ ಜಾಗದಲ್ಲಿದ್ದ ಅಕ್ಷರಗಳು ಹೋದವು.

ಕೊರೆದವರನ್ನ ಬೈಯೋಕಾಗಲ್ಲ. ಅವರಿಗೆ ಆ ಲಿಪಿ ಗೊತ್ತಿರಲಿಲ್ಲ. ಅವರಿಗೆ ಅದೊಂದು ಗಟ್ಟಿ ಕಲ್ಲು, ದೇವರ ಕೆಲಸಕ್ಕೆ ಬಂತು. ಚಿಕ್ಕಂದಿನಿಂದ ಆ ಕಥೆ ಕೇಳಿ ಬೆಳೆದ ನಾನು ಅಪ್ಪನಿಗೆ ದೊಡ್ಡ ಭಾಷಣ ಮಾಡಿದೆ. ಕೊನೆಗೆ ಅಪ್ಪ, “ಆಯ್ತಪ್ಪಾ ಇಂಜಿನಿಯರ್ ಸಾಹೇಬ್ರ, ದೀಪಾವಳಿ ತನಕ ಟೈಮ್ ಕೊಟ್ಟೀನಿ. ಮಾತಾಡ್ಸು ಅದನ್ನ” ಅಂದ್ರು.

ರೇಡಿಯೋವನ್ನ ಅದೇ ಕೌದಿಯಲ್ಲಿ ಸುತ್ತಿ, ವಾಡಿ ಜಂಕ್ಷನ್‌ನಲ್ಲಿ ಬೆಂಗಳೂರಿನ ಟ್ರೇನ್ ಹತ್ತಿಸಿದೆ. ಇಡೀ ರಾತ್ರಿ ನಾನು ಸೈಡ್ ಬರ್ತ್‌ನಲ್ಲಿ ಕಾಲು ಮಡಚಿ ಮಲಗಿದ್ದು ಅದಕ್ಕೆ ಜಾಗ ಕೊಟ್ಟು.

ನಾನು ಓದಿದ್ದು ಇಂಜಿನಿಯರಿಂಗ್, ಮಾಡೋದು ಸಾಫ್ಟ್‌ವೇರ್. ವಾಲ್ವ್ ಅನ್ನೋದು ನಮ್ಮ ಪುಸ್ತಕದಲ್ಲಿ ಒಂದೇ ಪ್ಯಾರಾ ಇತ್ತು. ಅದೃಷ್ಟಕ್ಕೆ ಬೆಂಗಳೂರಿನಲ್ಲಿ ಇದರ ಹುಚ್ಚು ಇರೋರು ಒಂದಷ್ಟು ಜನ ಇದ್ದಾರೆ. ಭಾನುವಾರ ಯಾರದೋ ಮನೆ ಟೆರೇಸ್‌ನಲ್ಲಿ ಸೇರ್ತಾರೆ. ಒಬ್ಬರು ಬ್ಯಾಂಕು, ಒಬ್ಬರು ದಂತವೈದ್ಯರು, ಒಬ್ಬ ಇನ್ನೂ ಕಾಲೇಜು ಹುಡುಗ. ಸ್ಪೂಲ್ ಟೇಪ್, ರೆಕಾರ್ಡ್ ಪ್ಲೇಯರ್, ವಾಲ್ವ್ ರೇಡಿಯೋ, ಯಾರ ಕೈಯಲ್ಲಿ ಏನು ಬಿಚ್ಚಿಕೊಂಡಿದೆಯೋ ಅದರ ಸುತ್ತ ಎಲ್ಲರ ತಲೆ. ಅಲ್ಲಿನ ಹಿರಿಯರೊಬ್ಬರು ಬಿಇಎಲ್‌ನಲ್ಲಿ ಕೆಲಸ ಮಾಡಿ ನಿವೃತ್ತರಾದವರು. ನಮ್ಮ ಜಾಲಹಳ್ಳಿಯ ಬಿಇಎಲ್ 1960ರ ದಶಕದಲ್ಲಿ ರೇಡಿಯೋ ವಾಲ್ವ್‌ಗಳನ್ನೇ ತಯಾರು ಮಾಡ್ತಿತ್ತು ಅನ್ನೋದು ನನಗೆ ತಿಳಿದದ್ದು ಅವರಿಂದಲೇ.

ಹಿಂಬದಿಯ ರಟ್ಟು ತೆಗೆದಾಗ ಐದು ವಾಲ್ವ್ ಕಂಡವು. ಇಸಿಎಚ್ 81, ಇಎಫ್ 89, ಇಬಿಸಿ 81, ಇಎಲ್ 84, ಇಝಡ್ 80. “ಮೊದಲ ಅಕ್ಷರ ‘ಇ’ ನೋಡಿದ್ಯಾ? ಒಳಗಿನ ಫಿಲಮೆಂಟ್ 6.3 ವೋಲ್ಟಿನದು ಅಂತ ಅರ್ಥ. ಜೊತೆಗೆ ಇಲ್ಲಿ ಟ್ರಾನ್ಸ್‌ಫಾರ್ಮರ್ ಇದೆ, ಒಳ್ಳೇದು” ಅಂದ್ರು ಹಿರಿಯರು. ಅದೇ ‘ಯು’ ಇಂದ ಶುರುವಾಗೋ ವಾಲ್ವ್‌ಗಳಿದ್ರೆ ಹುಷಾರಾಗಿರಬೇಕಂತೆ. ಅಂಥ ಸೆಟ್‌ಗಳಲ್ಲಿ ಟ್ರಾನ್ಸ್‌ಫಾರ್ಮರ್ ಇಲ್ಲದೆ ಗೋಡೆಯ ಕರೆಂಟು ನೇರವಾಗಿ ಒಳಗಿನ ತಗಡಿಗೇ ಬರಬಹುದು. ಮುಟ್ಟಿದ್ರೆ ಮುಗೀತು.

ತಗಡಿನ ಒಳಮೂಲೆಯಲ್ಲಿ ಪೆನ್ಸಿಲಿನಿಂದ ಬರೆದದ್ದಿತ್ತು: 12-8-74, ಅದರ ಕೆಳಗೆ ‘ಇಝಡ್ 80 ಹೊಸದು’. ಶಹಾಬಾದಿನ ಮೆಕ್ಯಾನಿಕ್ ಒಬ್ಬರ ಕೈಬರಹ ಇರಬೇಕು. ರೇಡಿಯೋ ಕೆಟ್ಟಾಗ ಮುತ್ಯಾ ಅದನ್ನ ಬಸ್ಸಿನಲ್ಲಿ ಶಹಾಬಾದಿಗೆ ಒಯ್ಯುತ್ತಿದ್ದರು ಅಂತ ಅಪ್ಪ ಹೇಳಿದ್ದು ನೆನಪಾಯ್ತು. ನಾವು ಕೋಡ್ ಬದಲಿಸಿದಾಗ ಒಂದು ಸಾಲು ಬರೆದಿಡ್ತೀವಲ್ಲ, ಏನು ಬದಲಾಯ್ತು, ಯಾವಾಗ ಅಂತ. ಅದನ್ನೇ ಅವರು ಪೆನ್ಸಿಲಿನಲ್ಲಿ ಮಾಡಿದ್ದರು.

ನೀವೂ ಅಜ್ಜನ ರೇಡಿಯೋ ಕೆಳಗಿಳಿಸಬೇಕು ಅಂದ್ಕೊಂಡಿದ್ರೆ ಒಂದು ಮಾತು ಕೇಳಿ. ಮೂವತ್ತು ವರ್ಷ ಮಲಗಿದ್ದ ಸೆಟ್ಟಿನ ಪಿನ್ ತಂದು ಸೀದಾ ಪ್ಲಗ್‌ಗೆ ಹಾಕಬೇಡಿ. ‘ಬರುತ್ತಾ ನೋಡೋಣ’ ಅನ್ನೋ ಆ ಒಂದು ನಿಮಿಷದಲ್ಲೇ ಎಷ್ಟೋ ಟ್ರಾನ್ಸ್‌ಫಾರ್ಮರ್ ಸುಟ್ಟುಹೋಗಿವೆ.

ಮೊದಲ ಪರೀಕ್ಷೆ ಸೀರೀಸ್ ಬಲ್ಬ್. ರೇಡಿಯೋಕ್ಕೆ ಹೋಗೋ ಕರೆಂಟು ಒಂದು 60 ವ್ಯಾಟಿನ ಹಳೆ ಬಲ್ಬಿನ ಮೂಲಕ ಹೋಗೋ ಹಾಗೆ ಜೋಡಿಸ್ತಾರೆ. ಒಳಗೆ ಶಾರ್ಟ್ ಇದ್ರೆ ಬಲ್ಬು ಜೋರಾಗಿ ಉರಿಯುತ್ತೆ, ರೇಡಿಯೋ ಉಳಿಯುತ್ತೆ. ಎಲ್‌ಇಡಿ ಬಲ್ಬು ಇದಕ್ಕೆ ನಡೆಯಲ್ಲ. ತಂತಿ ಬಲ್ಬೇ ಬೇಕು. ಅದೀಗ ಸುಲಭಕ್ಕೆ ಸಿಗಲ್ಲ. ನನಗೆ ಕೊಟ್ಟವರು ಕೋಳಿ ಸಾಕುವವರು, ಮರಿಗಳ ಶಾಖಕ್ಕೆ ಅಂತ ಇಟ್ಕೊಂಡಿದ್ರು.

ನನ್ನ ಬಲ್ಬು ಪೂರ್ತಿ ಉರೀತು. ಕಾರಣ ಕೆಪಾಸಿಟರ್‌ಗಳು. ಹಳೆ ಸೆಟ್‌ಗಳಲ್ಲಿ ವಾಲ್ವ್‌ಗಿಂತ ಮೊದಲು ಸಾಯೋದು ಇವೇ. ದೊಡ್ಡ ಎಲೆಕ್ಟ್ರೋಲಿಟಿಕ್ ಕೆಪಾಸಿಟರ್‌ಗಳ ಒಳಗಿನ ರಸ ಒಣಗುತ್ತೆ. ಮೇಣ ಹಚ್ಚಿದ ಕಾಗದದ ಕೆಪಾಸಿಟರ್‌ಗಳು ಗಾಳಿಯ ತೇವ ಹೀರಿ ಸೋರೋಕೆ ಶುರುಮಾಡ್ತವೆ. ಅದರಲ್ಲೂ ಇಬಿಸಿ 81 ಮತ್ತು ಇಎಲ್ 84ರ ನಡುವೆ ಇರೋ ಒಂದು ಸಣ್ಣ ಕೆಪಾಸಿಟರ್ ಬಲು ಅಪಾಯಕಾರಿ. ಅದು ಸೋರಿದ್ರೆ ಇಎಲ್ 84 ತಡೆಯಿಲ್ಲದೆ ಕರೆಂಟು ಎಳೆದು, ಒಳಗಿನ ತಗಡು ಕೆಂಪಗೆ ಕಾಯುತ್ತೆ. ಆ ವಾಲ್ವು ಹೋಗುತ್ತೆ, ಅದರ ಹಿಂದೆ ಟ್ರಾನ್ಸ್‌ಫಾರ್ಮರೂ ಹೋಗುತ್ತೆ.

ಎಸ್‌.ಪಿ. ರೋಡಿನಲ್ಲಿ ಅರ್ಧ ಸಾಮಾನು ಸಿಕ್ತು. ಉಳಿದದ್ದನ್ನ ಆಫೀಸ್ ಕೆಲಸಕ್ಕೆ ಹೈದರಾಬಾದಿಗೆ ಹೋದಾಗ ಕೋಠಿಯ ಗುಜರಾತಿ ಗಲ್ಲಿಯಲ್ಲಿ ತಂದೆ. ಎಲ್ಲಾ ಕೆಪಾಸಿಟರ್ ಸೇರಿ ಆರುನೂರು ರೂಪಾಯಿ ದಾಟಲಿಲ್ಲ. ಇಎಲ್ 84 ಮೊದಲೇ ಸತ್ತಿತ್ತು. ಹಿರಿಯರು ತಮ್ಮ ಡಬ್ಬಿಯಿಂದ ಒಂದು ತೆಗೆದುಕೊಟ್ರು. ಎಷ್ಟು ಕೊಡ್ಲಿ ಸರ್ ಅಂದ್ರೆ, “ದುಡ್ಡು ಬೇಡ. ಸೆಟ್ಟು ಎದ್ದ ದಿನ ಫೋನ್ ಮಾಡಿ ಅದರ ಸದ್ದು ಕೇಳಿಸು” ಅಂದ್ರು. ಅಲ್ಲಿ ಎಲ್ಲರ ರೇಟು ಅಷ್ಟೇ.

ಅವರು ಹಾಕಿದ ಷರತ್ತು ಮಾತ್ರ ಮೂರು. ಹೊಸ ತೂತು ಕೊರೀಬಾರದು. ತೆಗೆದ ಹಳೆ ಸಾಮಾನನ್ನ ಒಂದು ಕವರಿನಲ್ಲಿ ಹಾಕಿ ಪೆಟ್ಟಿಗೆಯೊಳಗೇ ಇಡಬೇಕು. ಏನೇನು ಬದಲಿಸಿದೆ ಅಂತ ಬರೆದಿಡಬೇಕು. “ನಾಳೆ ಇನ್ನೊಬ್ಬ ಬಿಚ್ತಾನೆ. ನೀನು ಮಾಡಿದ್ದು ತಪ್ಪಿದ್ರೆ ಅವನು ಹಿಂದಕ್ಕೆ ಹೋಗೋ ಹಾಗಿರಬೇಕು.” ರೋಲ್‌ಬ್ಯಾಕ್ ಅನ್ನೋದನ್ನ ಇಷ್ಟು ಸರಳವಾಗಿ ನನಗೆ ಆಫೀಸಿನಲ್ಲೂ ಯಾರೂ ಹೇಳಿಕೊಟ್ಟಿರಲಿಲ್ಲ.

ನಾಲ್ಕು ಭಾನುವಾರ ಹಿಡೀತು. ಒಳಗೆ 250 ವೋಲ್ಟ್ ಓಡಾಡುತ್ತೆ, ಪ್ಲಗ್ ತೆಗೆದ ಮೇಲೂ ಕೆಪಾಸಿಟರ್‌ನಲ್ಲಿ ಸ್ವಲ್ಪ ಹೊತ್ತು ಉಳಿದಿರುತ್ತೆ. ಅದಕ್ಕೇ ಗೊತ್ತಿರೋರು ಪಕ್ಕದಲ್ಲಿಲ್ಲದೆ ನಾನು ರಟ್ಟು ತೆಗೆಯಲಿಲ್ಲ. ನೀವೂ ತೆಗೆಯಬೇಡಿ.

ಒಂದು ಕೆಲಸ ಮಾತ್ರ ಮನೆಯಲ್ಲಿ ಒಬ್ಬನೇ ಮಾಡಿದೆ. ಡಯಲ್ ಗಾಜು ತೊಳೆಯೋದು. ಅದರಲ್ಲೇನು ಕರೆಂಟಿದೆ, ಬರೀ ಗಾಜು ತಾನೇ?

ಹೊರಬದಿಗೆ ಹೊಗೆ, ಧೂಳು, ಒಂದು ಕಡೆ ಕೆಂಪು ಬಣ್ಣದ ಹನಿ ಬಿದ್ದು ಒಣಗಿತ್ತು. ಯಾವುದೋ ಗೋಡೆಗೆ ಬಣ್ಣ ಹಚ್ಚುವಾಗ ಸಿಡಿದಿರಬೇಕು ಅಂದ್ಕೊಂಡು ಬ್ಲೇಡಿನಿಂದ ಕೆರೆದು ತೆಗೆದೆ. ಆಮೇಲೆ ಗಾಜು ತಿರುಗಿಸಿ ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒಂದೇ ಸಲ ಒರೆಸಿದೆ. ಬಟ್ಟೆ ಹಳದಿಯಾಯ್ತು. ಕೊಳೆ ಬಂತು ಅಂತ ಖುಷಿಪಟ್ಟು ನೋಡಿದ್ರೆ, ಬಂದದ್ದು ಅಕ್ಷರ. ಡಯಲಿನ ಬಲಮೂಲೆಯಲ್ಲಿ ಅಚ್ಚಾಗಿದ್ದ ಊರಿನ ಹೆಸರುಗಳು ಅರ್ಧ ಅಳಿಸಿಹೋಗಿದ್ದವು. ಹಳೆ ಡಯಲಿನ ಒಳಬದಿಗೆ ಒಣ ಬ್ರಷ್ ಬಿಟ್ಟು ಬೇರೇನೂ ತಾಗಿಸಬಾರದು ಅಂತ ಆಮೇಲೆ ಎಲ್ಲರೂ ಹೇಳಿದ್ರು.

ಅಶೋಕನ ಕಲ್ಲಿನ ಭಾಷಣ ನೆನಪಾಗಿ ಆ ರಾತ್ರಿ ಊಟ ಸೇರಲಿಲ್ಲ. ಅಪ್ಪನಿಗೆ ಹೇಳಲೂ ಇಲ್ಲ.

ದೀಪಾವಳಿಗೆ ಸೆಟ್ಟು ಊರಿಗೆ ವಾಪಸ್ ಬಂತು. ಅದೇ ಗೂಡಿನಲ್ಲಿ ಕೂಡ್ರಿಸಿ, ಮಾಳಿಗೆ ಮೇಲೆ ಏರಿಯಲ್ ತಂತಿ ಕಟ್ಟಿ ಇಳಿಸಿದೆ. ಸಂಜೆ ಮನೆಮಂದಿಯೆಲ್ಲ ಸೇರಿದ್ರು. ಸ್ವಿಚ್ ಹಾಕಿದೆ. ಡಯಲ್ ದೀಪ ಹತ್ತಿತು. ಅರ್ಧ ನಿಮಿಷ ಏನೂ ಇಲ್ಲ. ವಾಲ್ವ್ ಕಾಯಬೇಕಲ್ಲ, ಫೋನಿನ ಹಾಗೆ ತಕ್ಷಣ ಏಳಲ್ಲ. ಆಮೇಲೆ ಬಂದದ್ದು ಬರೀ ‘ಗುರ್ರ್’ ಸದ್ದು. ಅಪ್ಪ ನನ್ನ ಮುಖ ನೋಡಿದ್ರು.

ಕಾರಣ ನನಗೆ ಹೊಳೆಯೋಕೆ ಸ್ವಲ್ಪ ಹೊತ್ತು ಬೇಕಾಯ್ತು. ಎಲ್‌ಇಡಿ ಬಲ್ಬು, ಫೋನ್ ಚಾರ್ಜರ್, ಟಿವಿ ಡಬ್ಬಿ, ಬಾಗಿಲಿನ ಮಿಣಮಿಣ ಸರ, ಇವೆಲ್ಲ ಮೀಡಿಯಂ ವೇವ್‌ಗೆ ಗದ್ದಲ ಎಬ್ಬಿಸೋ ವಸ್ತುಗಳು. ಈ ರೇಡಿಯೋ ಹುಟ್ಟಿದ ಕಾಲದಲ್ಲಿ ಮನೆಯಲ್ಲಿ ಇವ್ಯಾವೂ ಇರಲಿಲ್ಲ. ಒಂದೊಂದೇ ಆರಿಸ್ತಾ ಬಂದ್ವಿ. ತಂಗಿ ಮುಖ ಸಿಂಡರಿಸಿಕೊಂಡು ಚಾರ್ಜರ್ ಕಿತ್ತಳು. ಕೊನೆಗೆ ಮನೆಯಲ್ಲಿ ಉಳಿದದ್ದು ಹಣತೆಗಳು ಮತ್ತು ಡಯಲಿನ ಹಳದಿ ಬೆಳಕು. ಗುಂಡಿ ತಿರುಗಿಸಿದೆ. ದಪ್ಪ ದನಿಯಲ್ಲಿ ತೆಲುಗು ಮಾತು ಬಂತು, ಆಮೇಲೆ ಒಂದು ಹಿಂದಿ ಹಾಡು. ಸೂರ್ಯ ಮುಳುಗಿದ ಮೇಲೆ ಆಕಾಶದ ಕೆಳಪದರ ತೆಳುವಾಗಿ, ದೂರದ ಮೀಡಿಯಂ ವೇವ್ ಸ್ಟೇಷನ್‌ಗಳು ಮೇಲಿನ ಪದರಕ್ಕೆ ಬಡಿದು ನಮ್ಮ ಕಡೆ ಬೀಳ್ತವೆ. ಹಾಗಾಗಿ ಹಗಲು ಸುಮ್ಮನಿರೋ ಡಯಲು ರಾತ್ರಿ ತುಂಬಿಕೊಳ್ಳುತ್ತೆ.

ಬೆಂಗಳೂರಿಗೆ ಫೋನ್ ಮಾಡಿ ಹಿರಿಯರಿಗೆ ಕೇಳಿಸಿದೆ. “ಇಎಲ್ 84 ಹಾಡ್ತಿದೆ” ಅಂದ್ರು. ಹಾಡ್ತಿರೋದು ಲತಾ ಅಂತ ನಾನು ತಿದ್ದಲಿಲ್ಲ.

ಅಷ್ಟೊತ್ತು ಸುಮ್ಮನೆ ಕೂತಿದ್ದ ಆಯಿ ಎದ್ದು ಬಂದ್ರು. ಎಂಬತ್ತು ದಾಟಿದ ಕಣ್ಣು. ಗಾಜಿಗೆ ಮುಖ ತಾಗುವಷ್ಟು ಬಗ್ಗಿ ನೋಡಿದ್ರು.

“ಯಪ್ಪಾ, ಇದರ ಮ್ಯಾಲ ಕೆಂಪ್ ಚುಕ್ಕಿ ಇತ್ತಲ್ಲ. ಎಲ್ಲಿ ಹೋತು?”

“ಕಲೆ ಅಂತ ತಿಳದು ತೆಗದಬಿಟ್ಟೆ ಆಯಿ.”

“ಕಲೆ ಅಲ್ಲೋ ಅದು. ನಿಮ್ಮ ಮುತ್ಯಾ ಹಚ್ಚಿದ್ದು. ಎತ್ತಿನ ಕೋಡಿಗಿ ಹಚ್ಚೋ ಬಣ್ಣ. ನಂಗ ಓದಾಕ ಬರಲ್ಲಲ್ಲ, ಅದಕ್ಕ. ಕಡ್ಡಿ ಚುಕ್ಕಿಗಿ ಬಂತಂದ್ರ ಸಿಲೋನ್.”

ಯಾರೂ ಮಾತಾಡಲಿಲ್ಲ. ಅಪ್ಪನೂ. ಅದು ಇನ್ನೂ ಕಷ್ಟವಾಯ್ತು.

ಸಿಲೋನ್ ಅಂದ್ರೆ ರೇಡಿಯೋ ಸಿಲೋನ್. ನಮ್ಮ ವಯಸ್ಸಿನವರಿಗೆ ಇದನ್ನ ಸ್ವಲ್ಪ ಬಿಡಿಸಿ ಹೇಳಬೇಕು. 1952ರ ಹೊತ್ತಿಗೆ ಮಾಹಿತಿ ಮತ್ತು ಪ್ರಸಾರ ಮಂತ್ರಿಯಾಗಿದ್ದ ಬಿ.ವಿ. ಕೇಸ್ಕರ್ ಅವರಿಗೆ ಸಿನಿಮಾ ಹಾಡು ಅಂದ್ರೆ ಆಗ್ತಿರಲಿಲ್ಲ. ಆಕಾಶವಾಣಿಯಲ್ಲಿ ಅವು ಮಾಯವಾದವು. ಜನ ಏನು ಮಾಡಿದ್ರು? ಶಾರ್ಟ್‌ವೇವ್‌ಗೆ ತಿರುಗಿಸಿ ಕೊಲಂಬೋದಿಂದ ಬರೋ ಹಾಡು ಕೇಳಿದ್ರು. ಅದೇ ವರ್ಷ ಡಿಸೆಂಬರಿನಲ್ಲಿ ಅಲ್ಲಿ ‘ಬಿನಾಕಾ ಗೀತ್‌ಮಾಲಾ’ ಶುರುವಾಯ್ತು. ಬುಧವಾರ ರಾತ್ರಿ ಎಂಟಕ್ಕೆ, ನಡೆಸಿಕೊಡ್ತಿದ್ದವರು ಅಮೀನ್ ಸಯಾನಿ. ಆಕಾಶವಾಣಿ 1957ರಲ್ಲಿ ವಿವಿಧ ಭಾರತಿ ಶುರುಮಾಡಿದ ಮೇಲೂ ಸಿಲೋನಿನ ಗೀತ್‌ಮಾಲಾ ಹುಚ್ಚು ಇಳಿಯಲಿಲ್ಲ.

ಮುತ್ಯಾ ರೇಡಿಯೋ ತಂದದ್ದು 1966ರಲ್ಲಿ ಕಲಬುರಗಿ ಆಕಾಶವಾಣಿ ಶುರುವಾದ ಮೇಲೆ, ಕೃಷಿ ಸಮಾಚಾರ ಕೇಳೋಕೆ. ಆಯಿಗೆ ಬೇಕಾಗಿದ್ದದ್ದು ಬುಧವಾರ. ಮುತ್ಯಾ ಖಣಿ ಕೆಲಸ ಮುಗಿಸಿ ಬರೋದು ತಡವಾದ್ರೆ ಸ್ಟೇಷನ್ ಹಚ್ಚಿಕೊಡೋರು ಯಾರು? ಅದಕ್ಕೇ ಆ ಚುಕ್ಕಿ. ಅಂದ್ರೆ ಹೆಂಡತಿ ತನ್ನ ಹಾಡಿಗೆ ಯಾರನ್ನೂ ಕಾಯಬಾರದು ಅಂತ ಹಚ್ಚಿದ್ದು. ನಾನು ಬ್ಲೇಡ್ ತಗೊಂಡು ಕೆರೆದೆ.

“ಅವ ಮೊದಲ ‘ಅಕ್ಕತಂಗೇರೇ’ ಅಂತಿದ್ದ. ಆಮ್ಯಾಲ ‘ಅಣ್ಣತಮ್ಮಗೋಳೇ’ ಅಂತಿದ್ದ” ಅಂದ್ರು ಆಯಿ. “ಉಳಿದವ್ರೆಲ್ಲಾ ಮೊದಲ ಗಂಡಸ್ರನ್ನೇ ಕರೀತಿದ್ರು.” ಅಮೀನ್ ಸಯಾನಿಯ ಬಗ್ಗೆ ಎಷ್ಟೋ ಲೇಖನ ಓದಿದ್ದ ನಾನು ಇದನ್ನ ಒಂದು ಸಲವೂ ಹೀಗೆ ಯೋಚಿಸಿರಲಿಲ್ಲ.

“ಚುಕ್ಕಿ ಎಲ್ಲಿತ್ತು ಅಂತ ತೋರಿಸ್ತೀಯಾ ಆಯಿ?”

ಬ್ಯಾಂಡ್ ಗುಂಡಿಯನ್ನ ಶಾರ್ಟ್‌ವೇವ್‌ಗೆ ತಿರುಗಿಸಿ ಸರಿದು ನಿಂತೆ. ಆಯಿ ಗುಂಡಿ ಹಿಡಿದ್ರು. ಗಾಜು ನೋಡಲಿಲ್ಲ. ಒಮ್ಮೆ ಪೂರ್ತಿ ಎಡಕ್ಕೆ ಹೋಗಿ, ಅಲ್ಲಿಂದ ನಿಧಾನ ಬಲಕ್ಕೆ ತಂದು, ಸ್ವಲ್ಪ ಮುಂದೆ ಹೋಗಿ ಮತ್ತೆ ಹಿಂದೆ ಬಂದು ನಿಲ್ಲಿಸಿದ್ರು. ಕಡ್ಡಿ 25 ಮೀಟರ್ ಬ್ಯಾಂಡಿನ ಹತ್ತಿರ ನಿಂತಿತ್ತು. ಅಲ್ಲಿ ಬರೀ ಸುಂಯ್ ಅನ್ನೋ ಸದ್ದು.

“ಇಲ್ಲೇ ಬರ್ತಿತ್ತು” ಅಂದ್ರು. ಸ್ವಲ್ಪ ಹೊತ್ತು ಆ ಸುಂಯ್ ಅನ್ನೇ ಕೇಳಿದ್ರು.

ಗೀತ್‌ಮಾಲಾ 1989ರಿಂದ ವಿವಿಧ ಭಾರತಿಗೆ ಬಂತು, ಆಮೇಲೆ ನಿಂತಿತು. ಅಮೀನ್ ಸಯಾನಿ 2024ರ ಫೆಬ್ರುವರಿಯಲ್ಲಿ ತೀರಿಕೊಂಡ್ರು. ಎಷ್ಟೇ ಕೆಪಾಸಿಟರ್ ಬದಲಿಸಿದ್ರೂ ಅಲ್ಲಿಗೆ ಆ ಬುಧವಾರ ಬರಲ್ಲ. ಸೆಟ್ಟನ್ನ ರಿಪೇರಿ ಮಾಡಬಹುದು, ಸ್ಟೇಷನ್‌ನ ಮಾಡೋಕಾಗಲ್ಲ.

ಆಗ ಅಪ್ಪನ ಬ್ಲೂಟೂತ್ ಕೆಲಸಕ್ಕೆ ಬಂತು.

ನಿಮ್ಮ ಮನೆಯಲ್ಲೂ ಇಂಥ ಸೆಟ್ಟಿದ್ರೆ ಹಿಂಬದಿ ನೋಡಿ. ಹಲವು ವಾಲ್ವ್ ರೇಡಿಯೋಗಳಲ್ಲಿ ‘ಪಿಯು’ ಅಂತಲೋ, ಒಂದು ತಟ್ಟೆಯ ಚಿತ್ರವೋ ಇರೋ ಎರಡು ಸಣ್ಣ ಸಾಕೆಟ್ ಇರ್ತವೆ. ಪಿಕಪ್ ಅಂತ ಅರ್ಥ. ಆ ಕಾಲದಲ್ಲಿ ಗ್ರಾಮಫೋನ್ ತಟ್ಟೆ ತಿರುಗಿಸೋ ಯಂತ್ರಕ್ಕೆ ತನ್ನದೇ ಸ್ಪೀಕರ್ ಇರದಿದ್ರೆ ಅದರ ತಂತಿಯನ್ನ ಇಲ್ಲಿ ಸಿಕ್ಕಿಸಿ, ರೇಡಿಯೋದ ಸ್ಪೀಕರಿನಲ್ಲಿ ಹಾಡು ಕೇಳ್ತಿದ್ರು. ಬೆರಳಷ್ಟು ಉದ್ದದ ಬ್ಲೂಟೂತ್ ರಿಸೀವರಿನ ಎರಡು ಚಾನೆಲ್‌ಗಳನ್ನ ಒಂದೊಂದು ಸಾವಿರ ಓಮ್ ರೆಸಿಸ್ಟರ್ ಮೂಲಕ ಸೇರಿಸಿ ಅದೇ ಸಾಕೆಟ್ಟಿಗೆ ಕೊಟ್ರೆ ಸಾಕು. ಗಮನವಿರಲಿ, ಇದು ಟ್ರಾನ್ಸ್‌ಫಾರ್ಮರ್ ಇರೋ ಸೆಟ್ಟಿಗೆ ಮಾತ್ರ. ‘ಯು’ ವಾಲ್ವಿನ ಸೆಟ್ಟಿಗೆ ಏನನ್ನೂ ಸಿಕ್ಕಿಸಬೇಡಿ.

ಅಪ್ಪನ ಮನಸ್ಸು ಇಡೋಕೆ ಅಂತ ಅದನ್ನ ಬೆಂಗಳೂರಿನಲ್ಲೇ ಮಾಡ್ಕೊಂಡು ಬಂದಿದ್ದೆ. ಸಿಕ್ಕಿಸಿದೆ. ಗೀತ್‌ಮಾಲಾದ ನೆನಪಿಗೆ ಅಂತ ಸಯಾನಿಯವರ ದನಿಯಲ್ಲೇ ಬಂದಿದ್ದ ‘ಗೀತ್‌ಮಾಲಾ ಕಿ ಛಾಂವ್ ಮೇ’ ಆಲ್ಬಮ್‌ಗಳಿವೆ. ಫೋನಿನಲ್ಲಿ ಒಂದು ಹಚ್ಚಿದೆ. ಅರವತ್ತು ವರ್ಷದ ಸ್ಪೀಕರಿನಿಂದ ಆ ದನಿ ಹೊರಗೆ ಬಂತು. ಅಕ್ಕತಂಗಿಯರನ್ನೇ ಮೊದಲು ಕರೀತು.

ಆಯಿ ಅಳಲಿಲ್ಲ. ಸೆರಗು ತಲೆ ಮೇಲೆ ಎಳ್ಕೊಂಡು ಗೋಡೆಗೆ ಒರಗಿ ಕೂತ್ರು. ಎರಡು ಹಾಡು ಮುಗಿದ ಮೇಲೆ ಹೇಳಿದ್ದು ಇಷ್ಟೇ: “ಛಲೋ ಅದ. ಆದ್ರ ಭಾಳ ಸ್ವಚ್ಛ ಬರ್ಲತ್ತದ. ಆವಾಗ ಅಲಿ ಬಂದಂಗ ಬರ್ತಿತ್ತು, ಹೋಗ್ತಿತ್ತು.” ಶಾರ್ಟ್‌ವೇವ್ ದನಿ ಏರಿಳಿಯೋದನ್ನ ನಾವು ಫೇಡಿಂಗ್ ಅಂತ ಓದಿದ್ವಿ. ಆಯಿಗೆ ಅದು ಅಲೆ.

ಅಪ್ಪ ಎದ್ದು ರೇಡಿಯೋದ ಹಿಂದೆ ಹೋಗಿ ಸಾಕೆಟ್ ನೋಡಿದ್ರು. “ಮೊದಲ ಜಾಗ ಇತ್ತೇನಿದು?” ಅಂದ್ರು. “ಹಂಗಾರ ತೂತ್ ಯಾಕ ಬೇಕಿತ್ತು?”

ಆಗ ಅವರಿಗೆ ಅಳಿಸಿಹೋದ ಅಕ್ಷರಗಳ ವಿಷಯ ಹೇಳಿದೆ. ತೂತು ಕೊರೆಯಬೇಡಿ ಅಂದ ನಾನೇ ಅವರಿಗಿಂತ ಹೆಚ್ಚು ಹಾಳು ಮಾಡಿದ್ದೆ ಅಂತಲೂ ಒಪ್ಕೊಂಡೆ. ನಮಗೆ ಓದೋಕೆ ಬರದ್ದೆಲ್ಲ ಕಲೆ ಅನ್ನಿಸುತ್ತೆ. ಗುಡಿ ಕಟ್ಟಿದವರಿಗೆ ಬ್ರಾಹ್ಮಿ ಬರಲಿಲ್ಲ, ನನಗೆ ಎತ್ತಿನ ಕೋಡಿನ ಬಣ್ಣ ಓದೋಕೆ ಬರಲಿಲ್ಲ. ರಿಪೇರಿಗೆ ಕೂರೋ ಮೊದಲು ಆಯಿಯನ್ನ ಒಂದು ಮಾತು ಕೇಳಿದ್ರೆ ಮುಗೀತಿತ್ತು. ನಾಲ್ಕು ಭಾನುವಾರ ಎಲ್ಲರನ್ನೂ ಕೇಳಿದೆ, ಆ ರೇಡಿಯೋ ಕೇಳಿದವರನ್ನ ಬಿಟ್ಟು.

ಅದಕ್ಕೇ ನಿಮಗೆ ಹೇಳೋದು. ಹಳೆ ಸೆಟ್ಟು ಸಿಕ್ಕಿದ್ರೆ ಸ್ಕ್ರೂಡ್ರೈವರ್ ಹಿಡಿಯೋ ಮೊದಲು ಅದನ್ನ ಕೇಳಿದವರ ಜೊತೆ ಒಂದು ಚಹಾ ಕುಡಿಯಿರಿ. ಈ ಗೀರು ಯಾಕೆ, ಈ ಗುಂಡಿ ಯಾಕೆ ಸಡಿಲ, ಈ ಚುಕ್ಕಿ ಯಾರದು ಅಂತ ಕೇಳಿ. ಕೆಪಾಸಿಟರ್ ನಾಳೆಯೂ ಸಿಗುತ್ತೆ.

ಮರುದಿನ ಪಾಡ್ಯ. ಓಣಿಯಲ್ಲಿ ಯಾರದೋ ಮನೆಯಿಂದ ಕೋಡಿನ ಬಣ್ಣ ಒಂದು ಹನಿ ತಂದೆ. ಆಯಿ ಇನ್ನೊಮ್ಮೆ ಗುಂಡಿ ತಿರುಗಿಸಿ ನಿಲ್ಲಿಸಿದ್ರು. ಕಡ್ಡಿ ನಿಂತ ಜಾಗಕ್ಕೆ, ಗಾಜಿನ ಹೊರಬದಿಗೆ, ಬೆಂಕಿಕಡ್ಡಿಯಿಂದ ಚುಕ್ಕಿ ಇಟ್ಟೆ.

ಪೆಟ್ಟಿಗೆಯೊಳಗೆ ಹಳೆ ಕೆಪಾಸಿಟರ್‌ಗಳ ಕವರಿದೆ. ಅದರ ಪಕ್ಕ ಒಂದು ಚೀಟಿ. ಬದಲಿಸಿದ ಸಾಮಾನಿನ ಪಟ್ಟಿ, ತಾರೀಖು, ನಾನು ಅಳಿಸಿದ ಅಕ್ಷರಗಳ ವಿಷಯ. ಎಲ್ಲಕ್ಕಿಂತ ಕೆಳಗೆ ದಪ್ಪಕ್ಷರದಲ್ಲಿ ಒಂದು ಸಾಲು ಬರೆದಿದ್ದೇನೆ: ‘ಗಾಜಿನ ಮೇಲಿನ ಕೆಂಪು ಚುಕ್ಕಿ ಕಲೆ ಅಲ್ಲ. ದಯವಿಟ್ಟು ತೆಗೀಬೇಡಿ.’